ಹಸಿರು ಶಾಯಿ

ಕೋಡಿಬಾಗದ ರಸ್ತೆಯಲ್ಲಿ ಕಾಯ್ತಾನನ ರದ್ದಿ ಅಂಗಡಿ.
ಹಿಂದೆ ಬಂಗಡೆ ತೂಗುತ್ತಿದ್ದ ತಕ್ಕಡಿಯಲ್ಲೇ ಈಗ ಪುಸ್ತಕ.
ಕಿಲೋಗೆ ಅರವತ್ತು, ರಟ್ಟಿದ್ದರೆ ಎಪ್ಪತ್ತು.
ರಟ್ಟಿಗೆ ಎರಡು ಸಲ ದುಡ್ಡು ಹಿಡಿಯುತ್ತಾನೆ, ಕಳ್ಳ.

ನಾನು ಬಂದರು ಕಚೇರಿಯಲ್ಲಿ ಮೂವತ್ತೊಂದು ವರ್ಷ
ಭರತ ಇಳಿತದ ಪಟ್ಟಿ ಬೆರಳಚ್ಚು ಮಾಡಿದವಳು.
ತಪ್ಪು ಹಿಡಿಯುವುದು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ.

ಈ ವಾರ ಸಿಕ್ಕಿದ್ದು:
ಒಂದು ಪತ್ತೇದಾರಿ, ಕೊನೆಯ ಹದಿನಾರು ಪುಟ ಇಲ್ಲ.
ಒಳ್ಳೆಯದೇ ಆಯಿತು. ಕೊಂದವನು ಔಷಧದಂಗಡಿಯವನೆಂದು
ನಲವತ್ತನೇ ಪುಟಕ್ಕೇ ನನಗೆ ತಿಳಿದಿತ್ತು;
ಬರೆದವನಿಗೆ ಕೊನೆಗಾದರೂ ತಿಳಿಯಿತೋ ಇಲ್ಲವೋ.

ಒಂದು ಕಾದಂಬರಿ, ಆರುನೂರು ಪುಟ, ಬಹುಮಾನ ಬಂದದ್ದಂತೆ.
ನಾಯಕ ಮುನ್ನೂರನೇ ಪುಟದವರೆಗೂ
ಕಿಟಕಿಯ ಬಳಿ ನಿಂತು ಯೋಚಿಸುತ್ತಾನೆ.
ಕೂತುಕೋ ಮಾರಾಯ, ಕಾಲು ನೋಯುವುದಿಲ್ಲವೇ?

ಒಂದು ಕವನ ಸಂಕಲನ. ‘ಗೆಳೆಯನಿಗೆ, ಪ್ರೀತಿಯಿಂದ’ ಎಂದು ಕವಿಯ ರುಜು.
ಅಂಚು ಕತ್ತರಿಸದೆ ಉಳಿದ ಹಾಳೆಗಳನ್ನು
ಅಡುಗೆಮನೆಯ ಚೂರಿಯಿಂದ ನಾನೇ ಬಿಡಿಸಿದೆ.
ಎರಡು ಕವಿತೆ ಚಂದ.
ಉಳಿದವನ್ನು ಓದಿದ ಮೇಲೆ
ಗೆಳೆಯನ ಮೇಲಿನ ಸಿಟ್ಟು ಇಳಿಯಿತು.

ನಮ್ಮೂರಿಗೆ ರೈಲೇ ಬಾರದ ಕಾಲದ
ರೈಲ್ವೇ ವೇಳಾಪಟ್ಟಿ ಒಂದು.
ಅದರಲ್ಲಿ ಕಾರವಾರವಿಲ್ಲ. ನಾವಿಲ್ಲದೆಯೂ
ಎಲ್ಲ ಗಾಡಿಗಳೂ ಹೊತ್ತಿಗೆ ಸರಿಯಾಗಿ ಹೊರಟಿವೆ.
ರಾತ್ರಿ ನಿದ್ದೆ ಬಾರದಿದ್ದರೆ ಇದಕ್ಕಿಂತ ಒಳ್ಳೆಯ ಓದು ಕಾಣೆ.

ಮರಾಠಿಯದೊಂದು ಸಂಸಾರದ ಕತೆ;
ನಾಲ್ಕು ಪುಟಕ್ಕೊಮ್ಮೆ ಯಾರಾದರೂ ಚಹಾ ಕುಡಿದು ಅಳುತ್ತಾರೆ.
ನಾನೂ ಅತ್ತೆ. ಅದು ಇಲ್ಲಿಗೇ ಇರಲಿ.

ಒಂದರ ಮೇಲೆ ಹಳ್ಳಿಯೊಂದರ ವಾಚನಾಲಯದ ಮುದ್ರೆ:
‘ಹದಿನಾಲ್ಕು ದಿನದೊಳಗೆ ಹಿಂತಿರುಗಿಸಿ.’
ಆ ಹಳ್ಳಿ ಈಗ ನೌಕಾನೆಲೆಯ ಬೇಲಿಯೊಳಗೆ.
ಯಾರಿಗೆ ಕೊಡಲಿ, ಗೇಟಿನ ಕಾವಲಿನವನಿಗೇ?
ದಂಡ ಎಷ್ಟಾಗಿರಬಹುದು ಎಂದು ಲೆಕ್ಕ ಹಾಕಹೊರಟು
ನಡುವೆ ಬಿಟ್ಟೆ.

ಇವಲ್ಲಿ ಅರ್ಧಕ್ಕರ್ಧ ಪುಸ್ತಕಗಳಲ್ಲಿ ಒಂದೇ ಕೈ, ಒಂದೇ ಹಸಿರು ಶಾಯಿ.
ಅಂಚಿನಲ್ಲಿ ಒಂದೇ ಮಾತು: ‘ಸುಳ್ಳು.’
ಪ್ರೇಮಪತ್ರದ ಪಕ್ಕ ಸುಳ್ಳು. ಯುದ್ಧದ ಪಕ್ಕ ಸುಳ್ಳು.
ಮುನ್ನುಡಿಗೆ ಮೂರು ಸಲ. (ಅಲ್ಲಿ ನನ್ನದೂ ಅದೇ ಮತ.)
‘ಕಾಲವೇ ಎಲ್ಲ ಗಾಯಕ್ಕೂ ಮದ್ದು’ ಎಂಬಲ್ಲಿ
ಕಾಗದ ಹರಿಯುವಷ್ಟು ಒತ್ತಿ ಬರೆದಿದೆ.
ಕೆಳಗೆ ನಾನು ಪೆನ್ಸಿಲಿನಲ್ಲಿ ‘ಅರ್ಧ ಸುಳ್ಳು’ ಎಂದು ಸೇರಿಸಿದೆ.
ಹೀಗೆ ಎರಡು ತಿಂಗಳಿಂದ ಜಗಳ ನಡೆದಿದೆ,
ಉತ್ತರ ಕೊಡದವರ ಜೊತೆ.

ಯಾರದಪ್ಪಾ ಇವು, ಎಂದರೆ ಕಾಯ್ತಾನ:
‘ಗೊತ್ತಿಲ್ಲ ಬಾಯೀ. ಸದಾಶಿವಗಡದಿಂದ
ರಿಕ್ಷಾದಲ್ಲಿ ಮೂರು ಗೋಣಿ ತಂದಳು ಒಬ್ಬಳು ಹುಡುಗಿ.
ಮಾತೇ ಇಲ್ಲ. ದುಡ್ಡು ಮಾತ್ರ ಎರಡು ಸಲ ಎಣಿಸಿದಳು.’
ಎಣಿಸಲಿ. ನಿನ್ನ ತಕ್ಕಡಿ ನೋಡಿದವರು ಎಣಿಸಲೇಬೇಕು.

ಇವತ್ತು ಗೋಣಿಯ ತಳದಲ್ಲಿ ಅಡುಗೆಯ ಪುಸ್ತಕ,
ಅರಿಸಿನದ ಬೆರಳು, ತೆಂಗಿನೆಣ್ಣೆಯ ಚಂದ್ರ,
ಬೆನ್ನು ಬಿಟ್ಟಲ್ಲಿ ಗೋಧಿಹಿಟ್ಟಿನ ಗೋಂದು.
ಸಾರಿಗೆ ಸಕ್ಕರೆ ಎಂಬಲ್ಲಿ ನಿರೀಕ್ಷಿಸಿದಂತೆ ಸುಳ್ಳು.
ತಿಸರೆಯನ್ನು ಅರ್ಧ ಗಂಟೆ ಬೇಯಿಸಿ, ಸುಳ್ಳು, ಸುಳ್ಳು.
ಎಪ್ಪತ್ತೆರಡನೇ ಪುಟ:
‘ಹುಣ್ಣಿಮೆಯ ಆಸುಪಾಸು ಏಡಿ ಕೊಳ್ಳಬೇಡಿ, ಒಳಗೆ ಪೊಳ್ಳು.’
ಪಕ್ಕದಲ್ಲಿ, ಹಸಿರಿನಲ್ಲಿ, ಸಣ್ಣಗೆ:
‘ಸರಿ.’

ಅಷ್ಟು ಪುಸ್ತಕಗಳಲ್ಲಿ ಇದೊಂದೇ.
ನಿಂತಲ್ಲೇ ಇನ್ನೊಮ್ಮೆ ಓದಿದೆ.
ಪೆನ್ಸಿಲು ಚೀಲದಲ್ಲಿತ್ತು, ತೆಗೆಯಲಿಲ್ಲ.

ಮುನ್ನೂರ ಇಪ್ಪತ್ತು ಗ್ರಾಂ, ರಟ್ಟಿದೆ. ಚೌಕಾಸಿ ಮಾಡದೆ ಕೊಟ್ಟೆ;
ಕಾಯ್ತಾನ ಗಾಬರಿಯಾಗಿ ಎರಡು ರೂಪಾಯಿ ತಾನೇ ಬಿಟ್ಟ.

ಮಾರ್ಕೆಟ್ಟಿನಲ್ಲಿ ದುರ್ಪತಿ ಬುಟ್ಟಿ ಎತ್ತಿ ತೋರಿಸಿದಳು:
ಕುರ್ಲಿ ಬೇಕೇ, ಕಾಲು ಆಡಿಸುತ್ತಿವೆ ನೋಡು.
ಹುಣ್ಣಿಮೆಗೆ ಇನ್ನೂ ಎರಡು ದಿನ ಇತ್ತು.
ಬೇಡ, ಎಂದೆ.