ಸ್ವೀಕರಿಸಲಾಗಿದೆ

ಗುಳೇದಗುಡ್ಡದ ನಮ್ಮ ಖಣದ ಅಂಗಡ್ಯಾಗ
ಶುದ್ಧ ಕನ್ನಡ ಮಾತಾಡೂದು ಒಂದ ಒಂದು:
ಗಲ್ಲಾದ ಬಾಜು ಕುಂತ ಈ ಪೆಟಗಿ.
ಅಂಗೈಯಷ್ಟು ಅಗಲ, ಎದಿಮ್ಯಾಲೆ ಜಾಳಿಗಿ,
ಒಳಗೊಬ್ಬಾಕಿ, ಎಂದೂ ಕೆಮ್ಮದ ಹೆಣ್ಣುಮಗಳು:
"ಮುನ್ನೂರು ರೂಪಾಯಿ ಸ್ವೀಕರಿಸಲಾಗಿದೆ."

ಸ್ವೀಕರಿಸಲಾಗಿದೆ!
ಈ ಓಣ್ಯಾಗ ಆ ಮಾತು ಕಂಡದ್ದು
ಲಗ್ನಪತ್ರಿಕಿ ತುದಿಗೆ ಮಾತ್ರ:
ಉಡುಗೊರೆ ಸ್ವೀಕರಿಸಲಾಗುವುದಿಲ್ಲ, ಅಂತ.
ಅದನ್ನೂ ಯಾರೂ ನಂಬಿದ್ದಿಲ್ಲ.

ನನ್ನ ಕಣ್ಣು ಹೋಗಿ ಹದಿನಾರು ವರ್ಷ.
ಬಟ್ಟಿ ಬೆರಳಿಗೆ ಕಾಣತೈತಿ.
ಸೂರ್ಯನಾರಾಯಣ ಉಬ್ಬಿ ನಿಲ್ಲತಾನ,
ಕ್ಯಾದಗಿ ಚುಚ್ಚತೈತಿ,
ರೇಶಿಮಿ ಅಂತ ಪಾಲಿಸ್ಟರ್ ತಂದವನ ಸುಳ್ಳು
ಎರಡು ಬೆರಳಿನ ನಡುವ ಬೆವರತೈತಿ.
ನೋಟು ಹಂಗಲ್ಲ.
ಹಳೇವಕ್ಕ ಉದ್ದ ಗಿಡ್ಡ ಇತ್ತು,
ಹೊಸಾವು ಬಂದಮ್ಯಾಲೆ ಎಲ್ಲಾವೂ ಅಣತಮ್ಮರು.
ಒಂದೊಂದು ನಮೂನಿ ಮಡಚಿ ಇಡತಿದ್ದೆ,
ನೂರು ಅರ್ಧಕ್ಕ, ಐನೂರು ಮೂಲಿ ಮುರದು.
ಒಂದಿನ ಸಂಜಿಕೆ ತಂಗಿ ಮಗಳು ಶಾಕಂಬರಿ
ಎಣಿಸಿಕೋತ ಎಣಿಸಿಕೋತ ಸುಮ್ಮನಾದಳು.
ಮೂಲಿ ಮುರದ ಆರು ನೋಟಿನ್ಯಾಗ
ಎರಡು ನೂರರವು.
ಹೋದ ಎಂಟನೂರು ನೋಯಲಿಲ್ಲ,
ಆಕಿ ಸುಮ್ಮನಾದದ್ದು ನೋಯ್ತು.

ಪೆಟಗಿ ತಂದವ ಬಾದಾಮಿ ಕಡೆ ಹುಡುಗ, ಲಾಲಸಾಬ.
"ತಿಂಗಳಾ ಬಾಡಿಗಿ ಐತಿ ಕಾಕಾ,
ಚಾರ್ಜ್ ಹಚ್ಚೂದು ಮರೀಬ್ಯಾಡ್ರಿ" ಅಂದ.
ಗ್ವಾಡಿಗೆ ಒಂದು ಚೌಕಳಿ ಹಾಳಿ ಅಂಟಿಸಿದ.
ಚೌಕಳಿ ಅಂತ. ನಾ ಕಂಡಿಲ್ಲ.
ಸವರಿ ನೋಡಿದೆ: ನುಣ್ಣಗ,
ಅದರಾಗ ಯಾರೂ ಏನೂ ನೇದಿಲ್ಲ.
ಆದರೂ ಮಂದಿ ಅದಕ್ಕ ಫೋನು ಹಿಡದು
ದರ್ಶನಕ್ಕ ಬಂದಂಗ ನಿಲ್ಲತಾರಂತ.

ಆವತ್ತು ಗುರುವಾರ, ಸಂತಿ ಗದ್ದಲ.
ಪೆಟಗಿ ಟವರ್ ಹೋತು. ಮೂಕಾತು.
"ಹಾಕೇನ್ರಿ" ಅಂದ್ರು ಒಬ್ಬರು. ಹೂಂ ಅಂದೆ.
"ಹಾಕೇನಿ, ನೋಡ್ರಿ" ಅಂದ್ರು ಇನ್ನೊಬ್ಬರು,
ನೋಡ್ರಿ ಅಂದದ್ದಕ್ಕ ನಾಲಿಗಿ ಕಚ್ಚಿಕೊಂಡ್ರು.
ಮೂರನೇದವ ಮೆಟ್ಟಲಾ ಇಳಕೋತ ಅಂದ.
ನಾಕನೇದಾಕಿ ಕಟಗೇರಿ ಹೊಳಿಯವ್ವ,
ಮಗಳ ಕುಬಸಕ್ಕ ಐದು ಖಣ, ಏಳನೂರ ಐವತ್ತು.
"ನನ್ನ ಫೋನಿನ್ಯಾಗ ಹೋಗೇತಿ ಅಂತ ತೋರಸಾಕತ್ತೈತ್ರಿ."
ಹೋಗಿ ಬಾರವ್ವ ಅಂದೆ.
ಹೋಗಲಿಲ್ಲ.
ಬಳಿ ಸಪ್ಪಳ ಕಂಬದ ಬಾಜು ನಿಂತ ಇತ್ತು.

ಬಸ್ಸಿಗೆ ಹೊತ್ತಾಕ್ಕೈತಲ್ಲ ಅಂದೆ.
"ಇದು ಮಾತಾಡ್ಲಿ" ಅಂದಳು.
"ನೀವು ನಂಬತೀರಿ, ಖರೆ.
ನಂಬಿಸಿಕೊಂಡು ಮನಿಗೆ ಹೋಗೂದಂದ್ರ
ಸಾಲಾ ತಗೊಂಡು ಹೋದಂಗ ಆಕ್ಕೈತ್ರಿ."

ಇಬ್ಬರೂ ಕಾದಿವಿ.
ಹಿಂದಿನ ಓಣ್ಯಾಗ ಯಾರದೋ ಮಗ್ಗ
ನಿಂತು ನಿಂತು ಬಡಕೊಳ್ಳಾಕತ್ತಿತ್ತು.
ಮಗಳಿಗೆ ಏಳು ತಿಂಗಳಂತ,
ಹುಣಸಿಕಾಯಿ ಬಿಟ್ಟು ಏನೂ ಸೇರವಲ್ಲದಂತ,
ಬೀಗರು ಹಸರ ಬಣ್ಣ ಒಂದ ಬೇಕಂತಾರಂತ.
ಹಸರ ಹೆಂಗಿತ್ತು ಅಂತ ನೆನಸಾಕ ನೋಡಿದೆ.
ಮಳ್ಳಿಮಳ್ಳಿ ಮೆಣಸಿನಕಾಯಿ ವಾಸನಿ ಬಂತು.

ಕಡೀಕ ಪೆಟಗಿ ಟೊಂಯ್ಕ್ ಅಂತು,
ತಡಾ ಆದದ್ದಕ್ಕ ನಾಚಿಕಿಲ್ಲದ, ಒಂದ ಉಸುರಿಗೆ:
ಇನ್ನೂರ ಎಂಬತ್ತು. ನೂರ ನಲವತ್ತು.
ಏಳುನೂರ ಐವತ್ತು ರೂಪಾಯಿ ಸ್ವೀಕರಿಸಲಾಗಿದೆ.
"ಕೇಳಿತ್ರೀ?"
ಕೇಳಿತವ್ವ.
ಬಳಿ ಸಪ್ಪಳ ಇಳದು ಸಂತ್ಯಾಗ ಕೂಡಿತು.

ನಾಕು ಮಂದಿ, ಮೂರು ಮಾತು.
ಮೆಟ್ಟಲಾ ಇಳಕೋತ ಅಂದವನ ದನಿ ನನಗ ಗೊತ್ತು,
ಹೆಸರು ಹೇಳೂದಿಲ್ಲ.
ಮುಂದಿನ ಗುರುವಾರ ಬಂದ, ಕ್ಯಾದಗಿ ಕೇಳಿದ.
ಎಂದಿನಂಗ ಬಿಚ್ಚಿ ಹಾಸಿದೆ, ಚಾ ತರಸಿದೆ.
ಅಂವ ಬಣ್ಣ ಆರಸೂದರಾಗ
ಪೆಟಗಿ ಬೆನ್ನಿನ ಗುಂಡಿ ಹುಡುಕಿ
ದನಿ ಏರಿಸಿದೆ, ಎರಡು ಸಲ.