ಶುಕ್ರವಾರದೊಳಗೆ ವಾಪಸ್ಸು

ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರು ಇರುವುದಿಲ್ಲ.
ಅಧ್ಯಕ್ಷರು ಇರುತ್ತಾರೆ, ಘನ ಉಪಸ್ಥಿತಿ ಇರುತ್ತದೆ,
ಪ್ರಾರ್ಥನೆಯ ಹುಡುಗಿಯರ ಇನಿಷಿಯಲ್ಲು ಕೂಡ ತಪ್ಪದೆ ಇರುತ್ತದೆ.
ವಂದನಾರ್ಪಣೆಯ ಕೊನೇ ಉಸಿರಲ್ಲಿ, ಜನ ಚಪ್ಪಲಿ ಹುಡುಕುವಾಗ,
‘ಧ್ವನಿವರ್ಧಕದವರಿಗೂ’ ಅಂತ ಒಂದು ಮಾತು ಬರುತ್ತದಲ್ಲ,
ಅದು ನಾನು. ಬಕ್ಕೇಶಿ. ಚೌಕಿಪೇಟೆ.

ಈ ದಾವಣಗೆರೆಯನ್ನು ವೈರು ಎಳೆದೆಳೆದು ಕಲಿತವನು.
ಯಾವ ಭವನದಲ್ಲಿ ಪ್ಲಗ್ಗು ಸಡಿಲ,
ಯಾವ ಮಠದ ಅಂಗಳದಲ್ಲಿ ಮಾತು ಗೋಡೆಗೆ ಬಡಿದು ಎರಡಾಗುತ್ತದೆ,
ಯಾವ ಕವಿ ‘ಎರಡೇ ಸಾಲು’ ಅಂದರೆ
ನಾನು ರೈಲ್ವೆ ಗೇಟು ದಾಟಿ ಚಾ ಕುಡಿದು ಬರಬಹುದು,
ಎಲ್ಲ ಗೊತ್ತು.
ಮೊನ್ನೆಯ ಗೋಷ್ಠಿಗೆ ಕವಿಗಳು ಇಪ್ಪತ್ತೆರಡು.
ಕೇಳಿದವರು ಹನ್ನೊಂದು, ನನ್ನ ಹುಡುಗ ಚಮನ್ ಸೇರಿ.
ಅವನು ಒಂದಕ್ಕೆ ಅತ್ತ. ಯಾವುದಕ್ಕೆ ಅಂತ ಹೇಳಲಿಲ್ಲ.

ನಾಟಕದ ಕಂಪನಿ ಬಂದರೆ ತಿಂಗಳು ನನಗೆ ಡೇರೆಯೇ ಮನೆ.
ಮೇಲಿಂದ ಮೂರು ಮೈಕು ಇಳಿಬಿಟ್ಟಿರುತ್ತೇನೆ,
ರಾಜನೂ ಕುಡುಕನೂ ಮಾತಿಗೊಮ್ಮೆ ಅದರಡಿ ಬಂದು ನಿಂತು
ಆಕಾಶಕ್ಕೆ ಅಳುತ್ತಾರೆ.
ಮಧ್ಯಂತರದಲ್ಲಿ ರಾಣಿ, ಕಿರೀಟ ಟ್ರಂಕಿನ ಮೇಲಿಟ್ಟು,
ನನ್ನ ಮಂಡಕ್ಕಿ ಪೊಟ್ಟಣಕ್ಕೆ ಕೈ ಹಾಕಿ,
‘ಇವತ್ತು ನನ್ನ ದನಿ ಸ್ವಲ್ಪ ದಪ್ಪ ಮಾಡು ಬಕ್ಕಣ್ಣ, ನೆಗಡಿ’ ಅನ್ನುತ್ತಾಳೆ.
ಮಾಡಿದ್ದೇನೆ.
ಆಜಾದ್ ನಗರದ ಮುಶಾಯಿರಾದಲ್ಲಿ ಕವಿ ಪಿಸುಗುಟ್ಟುತ್ತಾನೆ,
ಕೇಳುವವರು ಕಿರುಚುತ್ತಾರೆ. ಅಲ್ಲಿ ಮೈಕು
ತಿರುಗಿಸಿ ಇಡಬೇಕಿತ್ತೋ ಏನೋ.

ಅದಿರಲಿ, ಹೇಳಬೇಕಾದ್ದು ಹಾರ್ನಿನ ವಿಷಯ.

ಚಿತ್ರಕಲಾ ಕಾಲೇಜಿನ ಹುಡುಗಿ, ಹಾಜರಿಯಲ್ಲಿ ಹೇಮಲತಾ,
ಸೂರಗೊಂಡನಕೊಪ್ಪದ ಕಡೆಯ ತಾಂಡಾದಲ್ಲಿ ಹೇಮ್ಲಿ,
ಅಂಗಡಿಗೆ ಬಂದು ಹೊಸ ಕಪ್ಪು ಡಬ್ಬಗಳನ್ನೆಲ್ಲ ಬಿಟ್ಟು
ಅಟ್ಟದ ಮೇಲಿನ ಅಪ್ಪನ ಹಾರ್ನಿಗೆ ಬೆರಳು ತೋರಿಸಿದಳು.
ಅಂಚಿಗೆ ಒಂದು ನೆಗ್ಗು. ಹತ್ತಿ ಮಿಲ್ಲಿನ ಗೇಟಲ್ಲಿ
ಮುಷ್ಕರದ ದಿನ ಬಿದ್ದದ್ದು. ಲಾಠಿಯೋ ಕಲ್ಲೋ,
ಅಪ್ಪ ಒಂದೊಂದು ಸಲ ಒಂದೊಂದು ಹೇಳುತ್ತಿದ್ದ.
‘ಯೂನಿಟ್ ಸುಟ್ಟೈತಮ್ಮ, ಒದರಂಗಿಲ್ಲ’ ಅಂದೆ.
‘ಒದರಬಾರದು’ ಅಂದಳು.
ವಾರಕ್ಕೆ ಮುನ್ನೂರು. ಅಡ್ವಾನ್ಸು ಐವತ್ತು.

ನಾಲ್ಕನೇ ದಿನ ನೋಡಲು ಹೋದೆ, ವೈರಿಲ್ಲದೆ, ಬರಿಗೈಲಿ.
ಕೈ ಎಲ್ಲಿಡಬೇಕೋ ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡೆ.
ಬಿಳಿ ಗೋಡೆ, ಹಗ್ಗ, ಕಿವಿಯ ಎತ್ತರಕ್ಕೆ ನಮ್ಮ ಹಾರ್ನು,
ಅಷ್ಟೇ.
ಜನ ಸಾಲಾಗಿ ಬಂದು ಅದರ ಬಾಯಿಗೆ ಕಿವಿ ಕೊಡುತ್ತಿದ್ದಾರೆ!
ಮೂವತ್ತು ವರ್ಷ ‘ಹಲೋ ಹಲೋ’ ಅಂದಾಗ
ಹಾಳು ಗದ್ದಲ ಅಂತ ಕಿಟಕಿ ಹಾಕಿಕೊಂಡ ಊರು.
ಊಟದ ಹೊತ್ತಿಗೆ ವಾಚ್‌ಮನ್ನು ಮಲಿಯಪ್ಪನೂ ಬಗ್ಗಿದ.
ಮಿಲ್ಲಿನ ಎರಡನೇ ಪಾಳಿಯವನು ಅವನು, ಹಳಬ.
ಸೈರನ್ನು ಕೇಳಿತು ಅನ್ನುತ್ತಾನೆ ಅಂದುಕೊಂಡೆ.
‘ಏನ್ ಕೇಳ್ತೋ?’
‘ಫ್ಯಾನು’ ಅಂದ. ಮತ್ತೆ ಬಗ್ಗಿದ. ‘ಚಲೋ ಐತಿ.’

ನನ್ನ ಎಡಗಿವಿ ಎಂದೋ ಹೋಗಿದೆ, ಬಲಗಿವಿ ಕೊಟ್ಟೆ.
ತಗಡು ತಣ್ಣಗಿತ್ತು.
ಕೆಳಗೆ ಅಂಟಿಸಿದ ಚೀಟಿ ಆಗ ಕಣ್ಣಿಗೆ ಬಿತ್ತು:
ಹೆಸರಿಟ್ಟಿಲ್ಲ. ತಗಡು, ತುಕ್ಕು, ಹಗ್ಗ.
ಧ್ವನಿ: ಬಕ್ಕೇಶಿ, ಚೌಕಿಪೇಟೆ.

ಎರಡು ಸಲ ಓದಿದೆ. ಕಾಗುಣಿತ ಸರಿ ಇತ್ತು.

ಅಭಿಪ್ರಾಯದ ಪುಸ್ತಕಕ್ಕೆ ದಾರ ಕಟ್ಟಿದ ಪೆನ್ನು.
ಎಲ್ಲರೂ ‘ಅದ್ಭುತ’ ಬರೆದಿದ್ದರು, ಒಬ್ಬರು ಇಂಗ್ಲಿಷಿನಲ್ಲಿ.
ನಾನು ಬರೆದೆ:
ಮೇಲಿನ ಸ್ಕ್ರೂ ಸಡಿಲ ಐತಿ, ಯಾರ ತಲಿ ಮ್ಯಾಲಾದ್ರೂ ಬಿದ್ದೀತು.
ಶನಿವಾರ ಕಾರ್ಯಕ್ರಮ ಐತಿ, ಶುಕ್ರವಾರದೊಳಗೆ ವಾಪಸ್ಸು ಬೇಕು.

ಸುಳ್ಳು. ಸುಟ್ಟ ಹಾರ್ನಿಗೆ ಎಂಥ ಕಾರ್ಯಕ್ರಮ.
ಬಾಕಿ ಇನ್ನೂರೈವತ್ತರ ಮಾತು ಬರೆಯಲಿಲ್ಲ.