ಹತ್ತೊಂಬತ್ತರಲ್ಲಿ ಸತ್ತವನು

ಮಸ್ತಾನಪ್ಪ ಸತ್ತು ನಾಲ್ಕು ಪುಸ್ತಕಗಳಾದವು.
ಹತ್ತೊಂಬತ್ತನೆಯದರ ನೂರಾ ನಾಲ್ಕನೇ ಪುಟ, ಒಂದೂವರೆ ಸಾಲು.
ಕೊಂದವನು ವಾಡಿ ಜಂಕ್ಷನ್ನಿನ ಟಿಕೆಟ್ ಬಾಬು ಗುರುಲಿಂಗ:
ರಾತ್ರಿ ಪಾಳಿ, ಗಾಡಿ ಬರುವುದರೊಳಗೆ ಅಧ್ಯಾಯ ಮುಗಿಯಬೇಕಿತ್ತು,
ಯಾರಾದರೊಬ್ಬ ಸಾಯಬೇಕಿತ್ತು.

ನನ್ನ ಪಾಲಿಗೆ ಬಂದದ್ದು ಇಪ್ಪತ್ಮೂರು.
ಅದರ ಕಥೆ ಮಾತ್ರ ಹಿಂದಕ್ಕೆ ಹೋಗುತ್ತದೆ,
ಅವನು ಸಾಯುವ ಹಿಂದಿನ ವಾರಕ್ಕೆ.
ಹಾಗಾಗಿ ಬೀದರಿನ ಈ ಬಾಡಿಗೆ ಕೋಣೆಯಲ್ಲಿ ಅವನಿನ್ನೂ ಇದ್ದಾನೆ,
ಹರಿದ ಮೊಣಕೈಗೆ ತಂತಿ ಸುತ್ತಿಕೊಳ್ಳುತ್ತ.

ಆರು ಜನ ಬರೆಯುತ್ತೇವೆ ಒಂದೇ ಯುದ್ಧ.
ಹದಿನೇಳು ವರ್ಷವಾಯಿತು, ಯಾರೂ ಗೆದ್ದಿಲ್ಲ;
ಗೆದ್ದರೆ ಮುಂದಿನ ಪುಸ್ತಕವಿಲ್ಲ.
ಹುಮನಾಬಾದಿನ ನರ್ಸ್ ಎಸ್ತೇರಮ್ಮ ಬರೆದ ಗಾಯಗಳಿಗೆ
ಎಷ್ಟು ಹೊಲಿಗೆ ಎಂಬುದೂ ಸರಿಯಾಗಿರುತ್ತದೆ.
ಶಹಾಬಾದಿನ ಲೆಕ್ಕಿಗ ಬರೆದರೆ ಎಲ್ಲ ಗ್ರಹಗಳಿಗೂ ಫರಸಿ ನೆಲ.
ನಾನು ಕೋರ್ಟಿನೆದುರು ಅರ್ಜಿ ಟೈಪು ಮಾಡುವವಳು,
ನನ್ನ ಸೇನಾಪತಿಗಳ ಬಾಯಲ್ಲಿ
'ಸದರಿ ಶತ್ರುವು', 'ಮೇಲ್ಕಾಣಿಸಿದ ಚಂದ್ರನು'.

ಕಲಬುರಗಿಯಲ್ಲಿ ವೈಜಿನಾಥರ ಹತ್ತಿರ ಕೆಂಪು ವಹಿಯಿದೆ.
ಯಾರ ಬಲಗಣ್ಣು ಯಾವ ಪುಸ್ತಕದಲ್ಲಿ ಹೋಯಿತು,
ಯಾವ ಹಡಗು ಸುಟ್ಟಿತು, ಆಕಾಶದಲ್ಲಿ ಉಳಿದ ಚಂದ್ರರೆಷ್ಟು.
ಫೋನಿನಲ್ಲಿ ಹೇಳಿದರು:
'ಅವನಿಗಿ ಉಳಸಬ್ಯಾಡ್ರಿ ಮತ್ತ.
ಇಪ್ಪತ್ತರಾಗ ಅವನ ಹೇಣ್ತಿಗಿ ಪಿಂಚಣಿ ಚಾಲೂ ಆಗ್ಯಾದ.'

ಹೆಂಡತಿ ಇದ್ದದ್ದೇ ನನಗೆ ಗೊತ್ತಿಲ್ಲ.
ಹನ್ನೆರಡರಲ್ಲಿ ಅವನನ್ನು ಹುಟ್ಟಿಸಿದವಳು ನಾನು.
ಕೊಟ್ಟದ್ದು ಎರಡೇ ಮಾತು:
'ಲೈನ್ ಸಿಗಲ್ಲಾಗ್ಯಾದ ಸಾಬ್.'
ಆಮೇಲೆ, ಗುಂಡುಗಳ ನಡುವೆ, 'ಸಿಕ್ತು.'

ಒಂದೇ ಕೆಲಸ ಒಪ್ಪಿಸಿದ್ದಾರೆ ನನಗೆ.
ಗುರುಲಿಂಗ ಆ ಅವಸರದಲ್ಲಿ ಬರೆದುಬಿಟ್ಟಿದ್ದ:
ಹೆಣದ ಬೂಟಿಗೆ ಕೆಸರು ಮೆತ್ತಿತ್ತು, ಎಂದು.
ನೀರೇ ಇಲ್ಲದ ಗ್ರಹದಲ್ಲಿ ಕೆಸರೆಲ್ಲಿಂದ?
ಓದುವವರು ಕಾರ್ಡು ಹಾಕಿ ಕೇಳಿದರು, ಯಾದಗಿರಿಯಿಂದಲೇ ಹನ್ನೊಂದು.
'ಆ ಕೆಸರಿಗೊಂದು ಲೆಕ್ಕ ಕೊಡ್ರಿ ಮೇಡಂ.'

ಭಾನುವಾರ ನೌಬಾದಿಗೆ ಹೋಗಿ
ಸುರಂಗ ಬಾವಿಯ ಗಾಳಿಗಿಂಡಿಗೆ ಮುಖವಿಟ್ಟು ಕೂತೆ.
ತಂಪು, ಬಾವಲಿ ವಾಸನೆ,
ಎಲ್ಲೋ ಒಳಗೆ, ನೆಲದ ಹೊಟ್ಟೆಯಲ್ಲಿ, ಒಂದು ಹನಿ, ತಡೆದು ಇನ್ನೊಂದು.
ತಲೆಯ ಮೇಲೆ ತಾಲೀಮಿನ ಜೆಟ್ ಸೀಳಿಕೊಂಡು ಹೋಯಿತು.
ನಾನು ಕಂಡ ಯುದ್ಧ ಅಷ್ಟೇ: ಸದ್ದು,
ಆಮೇಲೆ ಸದ್ದಿಲ್ಲದ ಒಂದು ಬಿಳಿ ಗೆರೆ.

ರಾತ್ರಿ ಬರೆದೆ. ತಂತಿ ಹೂಳಲು ಅಗೆಯುತ್ತಿದ್ದವನ ಸಲಾಕೆ
ಪೊಳ್ಳಿಗೆ ಬಡಿಯಿತು. ಕೆಳಗೆ ಯಾರೋ ಯಾವಾಗಲೋ ಕೊರೆದ ಸುರಂಗ,
ಯಾವ ಪುಸ್ತಕದಲ್ಲೂ ಇಲ್ಲದವರು.
ಅದರೊಳಗೆ ಮೊಣಕಾಲುದ್ದ ನೀರು.

ದಂಡಿಗೆ ಹೇಳುವಂತಿಲ್ಲ, ಇಪ್ಪತ್ತೊಂದರಲ್ಲೂ ದಂಡು ಬಾಯಾರಿಯೇ ಇದೆ.
ಕೊನೆಗೆ ಮೇಲ್ಛಾವಣಿಯನ್ನು ನಾನೇ ಕುಸಿಸಬೇಕು,
ಒಂದೂವರೆ ಸಾಲು ಸಾಕು.
ಗುರುಲಿಂಗನನ್ನು ಬೈಯುವ ಹಕ್ಕು ಅಲ್ಲಿಗೆ ಹೋಯಿತು.

ಆದರೆ ಕುಸಿಯುವ ಮುನ್ನ ಒಂದು ತಾಸಿದೆ,
ಆ ತಾಸಿನ ಬಗ್ಗೆ ಕೆಂಪು ವಹಿಯಲ್ಲಿ ಏನೂ ಇಲ್ಲ.
ದಡದಲ್ಲಿ ಕೂತು ಮಸ್ತಾನಪ್ಪ ಬೂಟು ಬಿಚ್ಚತೊಡಗಿದ.
ಬ್ಯಾಡೋ, ಎಂದೆ. ಬೂಟು ಬಿಚ್ಚಿದರೆ ಕೆಸರು ಹತ್ತುವುದಿಲ್ಲ,
ಲೆಕ್ಕ ಹತ್ತುವುದಿಲ್ಲ.
ಅವನು ಕೇಳಿಸಿಕೊಳ್ಳಲಿಲ್ಲ. ಲೈನ್ ಇರಲಿಲ್ಲವೇನೋ.

ಎದ್ದು ಹತ್ತೊಂಬತ್ತನ್ನು ಹುಡುಕಿದೆ, ನೂರಾ ನಾಲ್ಕು ತೆಗೆದೆ,
ದೀಪದ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದೆ.
'ಬೂಟಿಗೆ' ಎಂದಿದೆ.
ಬೂಟುಗಳಿಗೆ ಎಂದಿಲ್ಲ.

ಹಾಗಾದರೆ ಎಡಗಾಲು ನಿನ್ನದು, ಮಾರಾಯಾ.
ಬಿಚ್ಚು.